ನಿದ್ದೆಗೆ ಚಿಕಿತ್ಸೆ ಪಡೆದ ಬೇಸಿಗೆ

ನಿದ್ದೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ವೈದ್ಯರ ಬಳಿ ಹೋಗುವುದು ಮೂಡಿಗೆರೆಯ ನಮ್ಮ ಕಡೆ ಇನ್ನೂ ವಾಡಿಕೆಯಾಗಿಲ್ಲ. ಜ್ವರ ಬಂದರೆ ಹೋಗುತ್ತೇವೆ, ಮಂಡಿ ನೋವಿಗೆ ಹೋಗುತ್ತೇವೆ, ಸಕ್ಕರೆ ಕಾಯಿಲೆಯವರು ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತಾರೆ. ನಿದ್ದೆ ಕೆಟ್ಟವರಿಗೆ ಮಾತ್ರ "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂದು ಗಾದೆ ಹೇಳಿ ಕಳಿಸುತ್ತಾರೆ. ಆ ಗಾದೆಯನ್ನು ನಾನು ಬಹಳ ಕಾಲ ಕೇಳಿಸಿಕೊಂಡೆ. ನನ್ನೊಳಗೆ ಏನೋ ಚಿಂತೆ ಅಡಗಿದೆ, ಅದನ್ನು ನಾನೇ ಹುಡುಕಿ ತೆಗೆದು ಬಿಸಾಡಬೇಕು ಎನ್ನುವಂತೆ ನೆಂಟರೆಲ್ಲ ಮುಖ ನೋಡುತ್ತಿದ್ದರು. ಹೇಳಿಕೊಳ್ಳುವಂಥ ಚಿಂತೆ ನನಗೆ ಇರಲಿಲ್ಲ. ನಿದ್ದೆ ಮಾತ್ರ ಇರಲಿಲ್ಲ.

ಶುರುವಾದದ್ದು ಒಂದು ಮಳೆಗಾಲದಲ್ಲಿ. ಅತ್ತೆ ರಾತ್ರಿ ಬಚ್ಚಲಿಗೆಂದು ಎದ್ದವರು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೆ ಅವರ ಕೋಣೆಯಲ್ಲೇ ನಾನು ಮಲಗುತ್ತಿದ್ದೆ. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಮೊದಲಿಗೆ ಅಲಾರಾಂ ಇಟ್ಟುಕೊಂಡೆ, ಆಮೇಲೆ ಅದು ಬೇಕಾಗಲಿಲ್ಲ, ಮೈಯೇ ಎಬ್ಬಿಸುತ್ತಿತ್ತು. ದೀಪಾವಳಿಯ ಹೊತ್ತಿಗೆ ಅತ್ತೆ ವಾಕರ್ ಹಿಡಿದು ಜಗಲಿಯವರೆಗೆ ಬಂದರು. ನಾನು ನನ್ನ ಕೋಣೆಗೆ ಮರಳಿದೆ. ಮೈ ಮಾತ್ರ ಹಿಂದಿನಂತೆಯೇ ಎಬ್ಬಿಸುತ್ತಲೇ ಇತ್ತು. ಒಂದೂವರೆಗೆ ಎಚ್ಚರ, ಮತ್ತೆ ಮೂರೂವರೆಯವರೆಗೆ ಹಂಚಿನ ಮಾಡಿನ ಸದ್ದು ಕೇಳುತ್ತಾ ಕಣ್ಣು ಬಿಟ್ಟುಕೊಂಡು ಬಿದ್ದಿರುವುದು.

ಕಾಫಿ ಕೊಯ್ಲು ಶುರುವಾದಾಗ ಅದರ ಪರಿಣಾಮ ಕಂಡಿತು. ಸಂಜೆ ಕಣದ ಪಕ್ಕ ಕೂತು ಆಳುಗಳ ಲೆಕ್ಕ ಬರೆಯುವಾಗ ಕೂಡಿಸಿದ್ದನ್ನೇ ಮತ್ತೆ ಕೂಡಿಸುತ್ತಿದ್ದೆ. ಸಣ್ಣ ಮಾತಿಗೂ ಕಣ್ಣಲ್ಲಿ ನೀರು, ಇಲ್ಲವೇ ಸಿಟ್ಟು. ಹೊತ್ತಲ್ಲದ ಹೊತ್ತಿನಲ್ಲಿ ಸಿಹಿ ತಿನ್ನಬೇಕೆನಿಸುತ್ತಿತ್ತು. ತಲೆಸುತ್ತು ಎಂದು ತಾಲೂಕು ಆಸ್ಪತ್ರೆಗೆ ಹೋದಾಗ ರಕ್ತದೊತ್ತಡ ಏರಿತ್ತು. ಅಲ್ಲಿದ್ದ ಚಿಕ್ಕ ವಯಸ್ಸಿನ ವೈದ್ಯೆ ಮಾತ್ರೆ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿದರು: "ರಾತ್ರಿ ಎಷ್ಟು ಹೊತ್ತು ಮಲಗುತ್ತೀರಮ್ಮ?" ಹೇಳಿದೆ. ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತು ರಕ್ತದೊತ್ತಡ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ, ಹೃದಯಕ್ಕೂ ರಕ್ತನಾಳಗಳಿಗೂ ಸಿಗುವ ಬಿಡುವು ಅದು, ನಿಮಗೆ ಆ ಬಿಡುವೇ ಸಿಗುತ್ತಿಲ್ಲ ಎಂದರು. ನಿದ್ದೆ ಕಡಿಮೆಯಾದರೆ ಹಸಿವೆಯ ಹಾರ್ಮೋನುಗಳು ಏರುಪೇರಾಗುತ್ತವೆ, ಇನ್ಸುಲಿನ್ ಕೆಲಸ ಕುಂದುತ್ತದೆ ಎಂದೂ ವಿವರಿಸಿದರು. ಅಮೆರಿಕದ ಹೃದಯ ಸಂಘ 2022ರಲ್ಲಿ ಹೃದಯಾರೋಗ್ಯದ ಎಂಟು ಅಂಶಗಳ ಪಟ್ಟಿಗೆ ನಿದ್ದೆಯನ್ನೂ ಸೇರಿಸಿತೆಂದು ಆಮೇಲೆ ಓದಿದೆ. ನಮ್ಮ ಮನೆಗಳಲ್ಲಿ ಅದಕ್ಕೆ ಇನ್ನೂ ಆ ಸ್ಥಾನ ಸಿಕ್ಕಿಲ್ಲ.

ಆ ವೈದ್ಯೆ ಚೀಟಿ ಬರೆದದ್ದು ಮನೋವೈದ್ಯರಿಗೆ. ಮನೆಯಲ್ಲಿ ಒಂದು ದಿನ ಯಾರೂ ಆ ವಿಷಯ ಎತ್ತಲಿಲ್ಲ. ಮರುದಿನ ಅತ್ತೆಯೇ, "ಅವಳು ನನ್ನಿಂದಾಗಿ ನಿದ್ದೆ ಕೆಡಿಸಿಕೊಂಡಳು, ಯಾವ ಡಾಕ್ಟರಾದರೂ ಸರಿ, ಕರೆದುಕೊಂಡು ಹೋಗಪ್ಪ" ಎಂದು ಮಗನಿಗೆ ಹೇಳಿದರು. ತಂಗಿಯ ಮನೆ ಹಾಸನದಲ್ಲಿ ಇದ್ದುದರಿಂದ ಬೇಲೂರಿನ ಮೇಲೆ ಬಸ್ಸು ಹಿಡಿದು ಅಲ್ಲಿಗೇ ಹೋದೆ.

ಹಾಸನದ ವೈದ್ಯರು ನಿದ್ದೆಯ ಬಗ್ಗೆ ಅಷ್ಟೊಂದು ಕೇಳಬಹುದೆಂದು ನಾನು ಎಣಿಸಿರಲಿಲ್ಲ. ಗೊರಕೆ ಇದೆಯೇ, ಉಸಿರು ಕಟ್ಟಿದಂತಾಗಿ ಏಳುತ್ತೀರಾ, ರಾತ್ರಿ ಕಾಲು ಚಡಪಡಿಸುತ್ತದೆಯೇ, ಮುಟ್ಟಿನಲ್ಲಿ ಏರುಪೇರಿದೆಯೇ, ರಾತ್ರಿ ಮೈ ಬಿಸಿಯಾಗಿ ಬೆವರುತ್ತದೆಯೇ, ಬೆಳಿಗ್ಗೆ ಬದುಕೇ ಬೇಡವೆನಿಸುತ್ತದೆಯೇ. ಥೈರಾಯ್ಡ್ ಮತ್ತು ಕಬ್ಬಿಣದ ಅಂಶದ ಪರೀಕ್ಷೆ ಮಾಡಿಸಿದರು. ಕಬ್ಬಿಣದ ಕೊರತೆಯಿದ್ದರೆ ಕಾಲು ಚಡಪಡಿಸಿ ನಿದ್ದೆ ಕೆಡುವುದುಂಟಂತೆ. ಮಲೆನಾಡಿನ ಎಷ್ಟು ಹೆಂಗಸರು ಅದನ್ನು "ಕಾಲು ಸೆಳೆತ" ಎಂದು ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದಾರೋ ಎಂದುಕೊಂಡೆ. ನನಗೆ ಅವೆರಡೂ ಸರಿಯಿದ್ದವು. ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳಾದರೂ ಹೀಗೇ ನಡೆದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ, ನಿಮ್ಮದು ಅದು ಎಂದರು.

ಅವರು ಹೇಳಿದ ಇನ್ನೊಂದು ಮಾತು ನನ್ನ ಎದೆಯ ಭಾರವನ್ನೇ ಇಳಿಸಿತು. ನಿದ್ದೆ ಕೆಡಲು ಒಂದು ಕಾರಣ ಬೇಕು. ಕೆಟ್ಟದ್ದು ಉಳಿಯಲು ಆ ಕಾರಣ ಇರಲೇಬೇಕೆಂದಿಲ್ಲ. ಅತ್ತೆಯ ಆರೈಕೆ ನಿದ್ದೆಯನ್ನು ಕೆಡಿಸಿತು. ಆಮೇಲೆ ನಿದ್ದೆ ಸಾಲದೆಂದು ಬೇಗ ಮಲಗುವುದು, ಮಧ್ಯಾಹ್ನ ಕಣ್ಣು ಮುಚ್ಚುವುದು, ಎಚ್ಚರವಾದಾಗ ಗಡಿಯಾರ ನೋಡಿ ಎಷ್ಟು ಹೊತ್ತು ಉಳಿದಿದೆ ಎಂದು ಎಣಿಸುವುದು, ಇವು ಅದನ್ನು ಉಳಿಸಿದವು. ಹಾಸಿಗೆ ಎಂದರೆ ಎಚ್ಚರವಾಗಿರುವ ಜಾಗ ಎಂದು ಮಿದುಳು ಕಲಿತುಬಿಟ್ಟಿದೆ, ಅದನ್ನು ಮರೆಸಬೇಕು ಎಂದರು.

ಮಾತ್ರೆ ಕೊಡುತ್ತಾರೆಂದು ಕಾದಿದ್ದೆ. ಕೊಟ್ಟದ್ದು ಗೆರೆ ಎಳೆದ ಒಂದು ಹಾಳೆ. ಇದಕ್ಕೆ ನಿದ್ರಾಹೀನತೆಯ ಅರಿವು–ವರ್ತನೆ ಚಿಕಿತ್ಸೆ, ಚುಟುಕಾಗಿ ಸಿಬಿಟಿ-ಐ ಎಂದು ಹೆಸರು. ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಶಿಫಾರಸು ಮಾಡಿದೆ. ಮಾತ್ರೆ ಕೆಲವರಿಗೆ ಕೆಲವು ಕಾಲ ಬೇಕಾಗುತ್ತದೆ, ನಿಮಗೆ ಈಗ ಬೇಡ ಎಂದರು. ಹಾಗೆಯೇ ಮಾತಿನ ನಡುವೆ, ನಿಮ್ಮ ಅತ್ತೆ ಬಿದ್ದ ರಾತ್ರಿ ಏನಾದರೂ ನಿದ್ದೆ ಮಾತ್ರೆ ತೆಗೆದುಕೊಂಡಿದ್ದರೇ ಎಂದು ಕೇಳಿದರು. ತೆಗೆದುಕೊಂಡಿದ್ದರು. ಪರಿಚಯದ ಔಷಧಿ ಅಂಗಡಿಯಿಂದ ವೈದ್ಯರ ಚೀಟಿಯಿಲ್ಲದೆ ಬರುತ್ತಿದ್ದ ಪುಟ್ಟ ಬಿಳಿ ಮಾತ್ರೆ. ಅದರಿಂದಲೇ ಬಿದ್ದರು ಎಂದು ಯಾರೂ ಸಾಧಿಸಲಾರರು. ಆದರೆ ಅಂಥ ಮಾತ್ರೆಗಳು ವಯಸ್ಸಾದವರಲ್ಲಿ ಓಲಾಟ ತರುತ್ತವೆ, ರಾತ್ರಿ ಎದ್ದಾಗ ಬೀಳುವ ಅಪಾಯ ಹೆಚ್ಚಿಸುತ್ತವೆ ಎಂಬುದು ವೈದ್ಯಲೋಕಕ್ಕೆ ಗೊತ್ತಿರುವ ವಿಷಯ. ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ ಎಂಬುದು ಅಂಗಡಿಯವರಿಗೂ ಗೊತ್ತಿರುವ ವಿಷಯ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಬಹುಕಾಲ ತೆಗೆದುಕೊಂಡವರು ಅದನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ; ಅತ್ತೆಗೆ ವೈದ್ಯರೇ ವಾರದಿಂದ ವಾರಕ್ಕೆ ಇಳಿಸಿ ಬಿಡಿಸಿದರು.

ಹಾಳೆಯಲ್ಲಿ ಎರಡು ವಾರ ಬರೆಯಬೇಕಿತ್ತು. ಮಲಗಿದ ಹೊತ್ತು, ನಿದ್ದೆ ಹತ್ತಿದ ಅಂದಾಜು, ನಡುವೆ ಎಚ್ಚರವಿದ್ದ ಹೊತ್ತು, ಎದ್ದ ಹೊತ್ತು, ಹಗಲು ನಿದ್ದೆ, ಕಾಫಿ. ರಾತ್ರಿ ಬರೆಯಬಾರದು, ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆಯಬೇಕು, ಗಡಿಯಾರ ನೋಡಬಾರದು. ಮಲಗುವ ಕೋಣೆಯ ಗೋಡೆ ಗಡಿಯಾರವನ್ನು ನಡುಮನೆಗೆ ಸಾಗಿಸಿದೆ, ಮೊಬೈಲನ್ನು ಅಡುಗೆಮನೆಯಲ್ಲೇ ಬಿಟ್ಟೆ. ಹಾಳೆ ತುಂಬಿದಾಗ ಲೆಕ್ಕ ಸ್ಪಷ್ಟವಾಗಿತ್ತು. ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಆರರವರೆಗೆ ಹಾಸಿಗೆಯ ಮೇಲೆ ಎಂಟೂವರೆ ಗಂಟೆ. ನಿದ್ದೆ ಸುಮಾರು ಐದು ಗಂಟೆ. ಮಲಗಿದ್ದ ಹೊತ್ತಿನಲ್ಲಿ ಶೇ. 85ರಷ್ಟಾದರೂ ನಿದ್ದೆಯಾಗಬೇಕು, ನನ್ನದು ಶೇ. 60 ಮುಟ್ಟಿರಲಿಲ್ಲ.

ಹಾಗಾಗಿ ವೈದ್ಯರು ಹೇಳಿದ್ದು ಇನ್ನೂ ಕಡಿಮೆ ಮಲಗಲು. ರಾತ್ರಿ ಹನ್ನೆರಡಕ್ಕೆ ಮೊದಲು ಹಾಸಿಗೆ ಮುಟ್ಟಬಾರದು, ಬೆಳಿಗ್ಗೆ ಐದೂವರೆಗೆ ಏಳಲೇಬೇಕು, ಹಬ್ಬವಿರಲಿ ಭಾನುವಾರವಿರಲಿ. ನಿದ್ದೆಗೆಟ್ಟವಳಿಗೆ ಇದೆಂಥ ಮದ್ದು ಎಂದು ನನ್ನ ಮುಖ ಕೇಳಿರಬೇಕು. "ಹಗಲೆಲ್ಲ ಚೂರುಪಾರು ತಿನ್ನುತ್ತಿದ್ದರೆ ಊಟದ ಹೊತ್ತಿಗೆ ಹಸಿವು ಎಲ್ಲಿಂದ ಬರಬೇಕಮ್ಮ? ನಿದ್ದೆಯೂ ಹಾಗೆಯೇ. ಮೊದಲು ಹಸಿಯಲಿ" ಎಂದರು. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ, ಅದು ಹೆಚ್ಚಾದಂತೆ ನಿದ್ದೆಯ ಒತ್ತಡ ಏರುತ್ತದೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಅದು ಕರಗಿಹೋಗುತ್ತದೆ. ಇದಲ್ಲದೆ ಎರಡು ನಿಯಮ: ನಿದ್ದೆ ತೂಗುವವರೆಗೆ ಮಲಗಬಾರದು, ಮಲಗಿ ಇಪ್ಪತ್ತು ನಿಮಿಷವಾದಂತೆನಿಸಿದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ಕೊನೆಗೆ ಒಂದು ಎಚ್ಚರಿಕೆ. ಮೊದಲ ವಾರಗಳಲ್ಲಿ ತೂಕಡಿಕೆ ಹೆಚ್ಚುತ್ತದೆ, ಆ ದಿನಗಳಲ್ಲಿ ವಾಹನ ಓಡಿಸಬಾರದು, ಘಾಟಿಯಲ್ಲಂತೂ ಬೇಡವೇ ಬೇಡ.

ಮೊದಲ ವಾರಗಳು ಕಷ್ಟವಾಗಿದ್ದವು. ಒಂಬತ್ತಕ್ಕೆ ಮನೆಯ ದೀಪಗಳು ಒಂದೊಂದಾಗಿ ಆರುತ್ತಿದ್ದವು, ಹನ್ನೆರಡರವರೆಗೆ ನಾನೊಬ್ಬಳೇ. ಟಿವಿ ಬೇಡ, ಮೊಬೈಲ್ ಬೇಡ, ಜೋರು ಬೆಳಕು ಬೇಡ ಎಂದಿದ್ದರು. ಕಾಳುಮೆಣಸಿನ ಕೊಯ್ಲಿನ ಕಾಲವಾದ್ದರಿಂದ ಮಂದ ದೀಪದಲ್ಲಿ ಮೊರ ಹಿಡಿದು ಮೆಣಸು ಹಸನು ಮಾಡುತ್ತಾ ಕೂತೆ. ಹತ್ತೂವರೆಗೆ ಕಣ್ಣು ಎಳೆದುಕೊಂಡು ಹೋಗುತ್ತಿತ್ತು, ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದೆ. ಹನ್ನೆರಡಕ್ಕೆ ಮಲಗಿದರೆ ಆ ಕ್ಷಣಕ್ಕೆ ನಿದ್ದೆ. ಮತ್ತೆ ಎಚ್ಚರವಾದರೆ, ಕಂಬಳಿ ಹೊದ್ದುಕೊಂಡು ನಡುಮನೆಗೆ. ಬೆಚ್ಚಗಿನ ಹಾಸಿಗೆ ಬಿಟ್ಟು ಏಳುವುದೇ ಈ ಚಿಕಿತ್ಸೆಯ ಅತಿ ಕಠಿಣ ಭಾಗ. ಯಾರಾದರೂ ಇದು ಸುಲಭ ಎಂದರೆ ನಂಬಬೇಡಿ. ಹಗಲು ಮೂರು ಗಂಟೆಗೆ ಕಾಲುಗಳೇ ನನ್ನವಲ್ಲ ಎನಿಸುತ್ತಿತ್ತು. ಆಗ ಮಲಗಿಬಿಡುವ ಆಸೆಯಾಗದಂತೆ ತೋಟಕ್ಕೆ ಇಳಿದುಬಿಡುತ್ತಿದ್ದೆ.

ಅದೇ ಹೊತ್ತಿಗೆ ಯಜಮಾನರಿಗೆ ಹೂವಿನ ನೀರಾವರಿ. ಹೂಮಳೆ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಫೆಬ್ರವರಿ–ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು, ನೀರು ಬಿದ್ದ ಎಂಟು–ಹತ್ತು ದಿನಕ್ಕೆ ಹೂ ಅರಳುತ್ತದೆ. ಕೆರೆಯ ಪಂಪು ರಾತ್ರಿಯಿಡೀ ಓಡುತ್ತದೆ, ಕೆಲವು ಗಂಟೆಗೊಮ್ಮೆ ಪೈಪು ಬದಲಿಸಬೇಕು. ಅವರು ಎರಡಕ್ಕೆ ಬಂದು ಬಾಗಿಲು ತೆಗೆದರೆ ನನ್ನ ನಿದ್ದೆ ಹೋಯಿತು. ಹಾಗಾಗಿ ನೀರಾವರಿ ಮುಗಿಯುವವರೆಗೆ ಅವರು ಹೊರಕೋಣೆಯಲ್ಲಿ ಮಲಗಿದರು. ನನ್ನ ಹಾಳೆ ನೋಡಿದ ಮೇಲೆ ಅವರ ಬಗ್ಗೆಯೇ ನನಗೆ ಭಯ ಹುಟ್ಟಿತ್ತು. ಹದಿನೇಳು ಗಂಟೆ ನಿದ್ದೆಯಿಲ್ಲದೆ ಇದ್ದವರ ಗಮನವೂ ಕೈಚುರುಕೂ 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯಸಾರ ಇದ್ದವರಷ್ಟು ಕುಂದುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ಕಾನೂನು ವಾಹನ ಓಡಿಸುವವರಿಗೆ ಹಾಕಿರುವ ಮಿತಿ 30 ಮಿ.ಗ್ರಾಂ. ರಾತ್ರಿಯೆಲ್ಲ ಪೈಪು ಎಳೆದು ಬೆಳಿಗ್ಗೆ ಚಾರ್ಮಾಡಿ ಇಳಿದು ಉಜಿರೆಗೆ ಹೋಗಿಬರುವ ನಮ್ಮ ಗಂಡಸರನ್ನು ಯಾವ ಪೊಲೀಸರೂ ಊದಿಸಿ ನೋಡುವುದಿಲ್ಲ. ಈಗ ನೀರಾವರಿಯ ಮರುದಿನ ಅವರ ಕೈಗೆ ಗಾಡಿಯ ಕೀಲಿ ಸಿಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಕಾಫಿಯ ವಿಷಯ ಬರೆಯದಿದ್ದರೆ ಈ ಕಥನ ಪೂರ್ತಿಯಾಗದು. ಬಾಬಾಬುಡನ್ ತಂದರೆಂದು ಹೇಳುವ ಏಳು ಬೀಜಗಳ ಜಿಲ್ಲೆ ನಮ್ಮದು. ಬಂದವರಿಗೆ ಯಾವ ಹೊತ್ತಾದರೂ ಕಾಫಿ ಕೊಡದೆ ಕಳಿಸುವ ಮನೆ ಇಲ್ಲಿಲ್ಲ. ಕೆಫೀನ್ ಮಾಡುವ ಕೆಲಸವೆಂದರೆ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು ನಿದ್ದೆಯ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುವುದು. ಕುಡಿದದ್ದರಲ್ಲಿ ಅರ್ಧ ಮೈಯಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಅಂದರೆ ಸಂಜೆ ಆರರ ಕಾಫಿಯ ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ಅದರಲ್ಲೂ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್. ನಮ್ಮ ಮನೆಯ ಪುಡಿ ಬಹುಪಾಲು ರೊಬಸ್ಟಾ. ಮಧ್ಯಾಹ್ನದ ಊಟದ ನಂತರ ಕಾಫಿ ಬೇಡ ಎಂದು ವೈದ್ಯರು ಹೇಳಿದ್ದನ್ನು ಪಾಲಿಸಿದೆ. ಸಂಜೆಗೆ ಕೊತ್ತಂಬರಿ–ಜೀರಿಗೆ ಕಷಾಯ. ನೆಂಟರ ಮನೆಯಲ್ಲಿ ಬೇಡವೆನ್ನುವಾಗ ಇಂದಿಗೂ ಸಂಕಟವಾಗುತ್ತದೆ. ಆದರೂ ಬೇಡವೆನ್ನುತ್ತೇನೆ. ಬೆಳಗಿನ ಲೋಟದ ರುಚಿ ಮಾತ್ರ ಎಂದೂ ಇಷ್ಟು ಚೆನ್ನಾಗಿರಲಿಲ್ಲ.

ಹಾಳೆಯ ಲೆಕ್ಕ ಶೇ. 85 ದಾಟಿದ ಮೇಲೆ ವಾರಕ್ಕೆ ಹದಿನೈದು ನಿಮಿಷದಂತೆ ಮಲಗುವ ಹೊತ್ತನ್ನು ಹಿಂದಕ್ಕೆ ತಂದರು. ಹನ್ನೊಂದೂಮುಕ್ಕಾಲು, ಹನ್ನೊಂದೂವರೆ, ಹೀಗೆ. ಮುಂಗಾರು ಹಿಡಿಯುವ ವೇಳೆಗೆ ಹತ್ತೂವರೆಗೆ ಮಲಗಿ ಐದೂವರೆಗೆ ಏಳುತ್ತಿದ್ದೆ, ನಡುವೆ ಎಚ್ಚರವಾದರೂ ಮಗ್ಗುಲು ಬದಲಿಸುವಷ್ಟರಲ್ಲಿ ಮತ್ತೆ ನಿದ್ದೆ. ರಕ್ತದೊತ್ತಡ ಇಳಿಯಿತು. ಅದಕ್ಕೆ ಉಪ್ಪು ಕಡಿಮೆ ಮಾಡಿದ್ದೂ ಕಾರಣವಿರಬಹುದು. ಅಳು, ಸಿಟ್ಟು, ಸಿಹಿಯ ಹಂಬಲ ಹೋದದ್ದಕ್ಕೆ ನಿದ್ದೆಯೇ ಕಾರಣ ಎಂದು ಧೈರ್ಯವಾಗಿ ಹೇಳುತ್ತೇನೆ.

ನನ್ನ ಹಾಳೆ ಫ್ರಿಜ್ಜಿನ ಮೇಲೆ ಅಂಟಿಸಿದ್ದರಿಂದ ಮನೆಯವರೆಲ್ಲ ತಂತಮ್ಮ ನಿದ್ದೆಯ ಲೆಕ್ಕ ಹಾಕತೊಡಗಿದ್ದರು. ಮಾವ ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂರುವವರು. ನಾನು ನಡುಮನೆಗೆ ಬಂದ ರಾತ್ರಿಗಳಲ್ಲಿ ಇಬ್ಬರೂ ಎದುರುಬದುರಾಗುತ್ತಿದ್ದೆವು. "ಮುದುಕರಿಗೆ ಇಷ್ಟು ನಿದ್ದೆ ಸಾಕು ಕಣಮ್ಮ" ಎನ್ನುತ್ತಿದ್ದರು. ಸಾಲದು. 65 ದಾಟಿದವರಿಗೂ ಏಳರಿಂದ ಎಂಟು ಗಂಟೆ ಬೇಕು. ಗಾಢ ನಿದ್ದೆಯ ಪಾಲು ಇಳಿಯುತ್ತದೆ, ಮೈಯ ಗಡಿಯಾರ ಮುಂದಕ್ಕೆ ಸರಿದು ಸಂಜೆಯೇ ತೂಕಡಿಕೆ ಬರುತ್ತದೆ, ಅಷ್ಟೇ. ಲೆಕ್ಕ ಹಾಕಿದರೆ ಮಾವ ಎಂಟಕ್ಕೆ ಮಲಗಿ ಮೂರಕ್ಕೆ ಏಳುತ್ತಿದ್ದರು, ಏಳು ಗಂಟೆ ಆಗಿಯೇ ಇತ್ತು! ಕೊರತೆ ಇದ್ದದ್ದು ಹೊತ್ತು ಹೊಂದಿಸುವುದರಲ್ಲಿ. ಸಂಜೆ ಬಿಸಿಲಿರುವಾಗಲೇ ಗೇಟಿನವರೆಗೆ ನಡೆದು ಬರುವುದು, ಒಂಬತ್ತೂವರೆಯವರೆಗೆ ಎಲ್ಲರ ಜೊತೆ ಕೂರುವುದು, ಇಷ್ಟರಿಂದ ಈಗ ಏಳುವುದು ನಾಲ್ಕೂವರೆಗೆ. ರಾತ್ರಿ ಹಲವು ಸಲ ಮೂತ್ರಕ್ಕೆ ಏಳುತ್ತಿದ್ದುದನ್ನು ವಯಸ್ಸಿನ ತಲೆಗೆ ಕಟ್ಟದೆ ಪರೀಕ್ಷೆ ಮಾಡಿಸಿದೆವು, ಪ್ರಾಸ್ಟೇಟ್ ಊದಿದ್ದು ತಿಳಿಯಿತು.

ಮೈದುನನ ಮಗನಿಗೆ ಐದು ವರ್ಷ. ಬಾಯಿ ತೆರೆದು ಗೊರಕೆ ಹೊಡೆಯುತ್ತಾನೆ, ರಾತ್ರಿಯೆಲ್ಲ ಹಾಸಿಗೆ ತುಂಬ ಹೊರಳುತ್ತಾನೆ, ಹಗಲು ಒಂದು ಕಡೆ ನಿಲ್ಲುವುದಿಲ್ಲ. ಮಗು ಗೊರಕೆ ಹೊಡೆದರೆ "ಗಾಢ ನಿದ್ದೆ" ಎಂದು ನಾವು ಸಂತೋಷಪಡುತ್ತೇವೆ. ದಿನವೂ ಗೊರಕೆ ಹೊಡೆಯುವ ಮಗುವನ್ನು ಕಿವಿ–ಮೂಗು–ಗಂಟಲಿನ ವೈದ್ಯರಿಗೆ ತೋರಿಸಬೇಕು. ದೊಡ್ಡವರಿಗೆ ನಿದ್ದೆ ಸಾಲದಿದ್ದರೆ ಮಂಕಾಗುತ್ತಾರೆ, ಮಕ್ಕಳು ಎಷ್ಟೋ ಸಲ ಚೇಷ್ಟೆ ಹೆಚ್ಚಿಸುತ್ತಾರೆ. ಇವನಿಗೆ ಮೂಗಿನ ಹಿಂದೆ ಇರುವ ಅಡಿನಾಯ್ಡ್ ಎಂಬ ಗಂಟು ದಪ್ಪವಾಗಿದೆ ಎಂದರು, ಸದ್ಯಕ್ಕೆ ಮೂಗಿನ ಸ್ಪ್ರೇ ನಡೆಯುತ್ತಿದೆ. ಆ ವಯಸ್ಸಿಗೆ ದಿನಕ್ಕೆ ಹತ್ತರಿಂದ ಹದಿಮೂರು ಗಂಟೆ ಬೇಕು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯುವುದು ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲೇ.

ನನ್ನನ್ನು ಹೆಚ್ಚು ಕಾಡಿದ್ದು ಮಗಳ ಲೆಕ್ಕ. ದ್ವಿತೀಯ ಪಿಯುಸಿ. ರಾತ್ರಿ ಒಂದರವರೆಗೆ ಓದು, ಬೆಳಿಗ್ಗೆ ಐದಕ್ಕೆ ಎದ್ದು ಆರೂವರೆಯ ಟ್ಯೂಷನ್ನಿಗೆ ಪೇಟೆಗೆ. ನಾಲ್ಕು ಗಂಟೆ ನಿದ್ದೆ. ಆ ವಯಸ್ಸಿಗೆ ಬೇಕಾದದ್ದು ಎಂಟರಿಂದ ಹತ್ತು. ಹರೆಯದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಒಂಬತ್ತಕ್ಕೆ ಮಲಗು ಎಂದರೆ ಅವರಿಗೆ ನಿದ್ದೆ ಬರುವುದಿಲ್ಲ, ಅದು ಸೋಮಾರಿತನವೂ ಅಲ್ಲ ಹಟವೂ ಅಲ್ಲ. ಹೈಸ್ಕೂಲು ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿದೆ. ನಮ್ಮಲ್ಲಿ ಆ ಹೊತ್ತಿಗೆ ಮಕ್ಕಳು ಎರಡು ಟ್ಯೂಷನ್ ಮುಗಿಸಿರುತ್ತಾರೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ ಎಂದು ಗೊತ್ತಿದ್ದೂ, ಆ ನಿದ್ದೆಯನ್ನೇ ಕಿತ್ತುಕೊಂಡು ಅಂಕ ಕೇಳುತ್ತೇವೆ. ಟ್ಯೂಷನ್ ನಡೆಸುವವರ ಬಳಿ ಹೋಗಿ ಹೊತ್ತು ಬದಲಿಸಲು ಕೇಳಿದೆ, ಆಗದು ಎಂದರು. ಬಿಡಿಸಿದೆ. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಹತ್ತೂಮುಕ್ಕಾಲಿಗೆ ಪುಸ್ತಕ ಮುಚ್ಚಿ ಆರೂವರೆಗೆ ಏಳುವುದೆಂದು ನಾವಿಬ್ಬರೂ ಒಪ್ಪಿಕೊಂಡೆವು. ಪರೀಕ್ಷೆಯ ಬೆಳಿಗ್ಗೆಯೂ ಹಾಗೆಯೇ ಎದ್ದು ಅಕ್ಕಿರೊಟ್ಟಿ ತಿಂದು ಹೋದಳು.

ನಿದ್ದೆ ಕೆಟ್ಟು ತಿಂಗಳುಗಳೇ ಆಗಿರುವವರು ವೈದ್ಯರ ಬಳಿ ಹೋಗುವ ಮೊದಲೇ ಎರಡು ವಾರದ ಹಾಳೆ ಬರೆದುಕೊಂಡು ಹೋದರೆ ಒಂದು ಭೇಟಿ ಉಳಿಯುತ್ತದೆ. ನುಂಗುತ್ತಿರುವ ಮಾತ್ರೆಗಳ ಪಟ್ಟಿಯೂ ಜೊತೆಗಿರಲಿ. ಮೂರ್ಛೆ ರೋಗ, ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆ ಇರುವವರು, ಬಸ್ಸು–ಲಾರಿ ಓಡಿಸುವವರು ಮಲಗುವ ಹೊತ್ತು ಕಡಿತಗೊಳಿಸುವ ಈ ಕ್ರಮವನ್ನು ತಾವಾಗಿಯೇ ಮಾಡಬಾರದು. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು ಇದ್ದರೆ ಅದಕ್ಕೆ ಪರೀಕ್ಷೆಯೂ ಬೇರೆ, ಚಿಕಿತ್ಸೆಯೂ ಬೇರೆ. ಮೊದಲು ಅದನ್ನು ಹೇಳಿ. ಹಾಸನದವರೆಗೆ ಹೋಗಲಾಗದವರಿಗೆ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಣುವ ಮನೋಚೈತನ್ಯ ವ್ಯವಸ್ಥೆ ಇದೆ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಕರೆಗೆ ಹಣವಿಲ್ಲ.